ವಯಸ್ಸಾದವರಿಲ್ಲದ ಮನೆ

“ಮನ್ಯಾಗ ವಯಸ್ಸಾದವರು ಯಾರರ ಅದಾರೇನು?”

ಗೇಟಿನ ಒಳಗೆ ನಿಂತು ಹೀಗೆ ಕೇಳಿದವರು ಮನೆಯ ಮಾಲಕಿ ಶರಣಬಸಮ್ಮ. ಹೊರಗೆ ಬಿಸಿಲಲ್ಲಿ ನಿಂತು ಕೇಳಿಸಿಕೊಂಡವಳು ಲಲಿತಾ. ಕುಷ್ಟಗಿಯ ಆ ಹೊಸ ಬಡಾವಣೆಯಲ್ಲಿ ಬೆಳಗಿನಿಂದ ಬಾಡಿಗೆ ಮನೆ ಹುಡುಕಿ ಅವಳ ಕಾಲು ಸೋತಿದ್ದವು. ನಿನ್ನೆ ಮೊನ್ನೆಯವರೆಗೆ ಸಜ್ಜೆ ಬೆಳೆಯುತ್ತಿದ್ದ ಹೊಲಗಳಲ್ಲಿ ಪ್ಲಾಟಿನ ಕಲ್ಲು ನೆಟ್ಟು, ಎದ್ದ ಮನೆಗಳಿಗೆಲ್ಲ ಗಿಣಿಹಸಿರು, ಕೇಸರಿ ಬಣ್ಣ ಬಳಿದಿದ್ದರು. ಮನೆಗಳೇನೋ ಖಾಲಿ ಇದ್ದವು. ಜನ ಎಷ್ಟು, ನೀರು ಎಷ್ಟು ಬೇಕು, ಬೈಕು ಎಲ್ಲಿ ನಿಲ್ಲಿಸುತ್ತೀರಿ ಎಂಬುದರ ತನಕ ಮಾತು ನೆಟ್ಟಗೆ ಹೋಗುತ್ತಿತ್ತು. ಕೊನೆಗೆ ಈ ಪ್ರಶ್ನೆ. “ನಮ್ಮತ್ತಿ ಅದಾರ್ರಿ” ಅಂದಳೋ, ಮುಗಿಯಿತು. ಒಬ್ಬರ ಮನೆಗೆ ಇದ್ದಕ್ಕಿದ್ದಂತೆ ಅಳಿಯ ಬಂದು ಇರುವವನಾದ. ಇನ್ನೊಬ್ಬರಿಗೆ ಸುಣ್ಣ ಹೊಡೆಸುವುದು ನೆನಪಾಯಿತು. ಮತ್ತೊಬ್ಬಾಕೆ ಏನೂ ಹೇಳದೆ ಬಾಗಿಲು ಹಾಕಿಕೊಂಡಳು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಮುಪ್ಪಾದ ಅತ್ತೆಯನ್ನು ಕರೆದುಕೊಂಡು ಬಾಡಿಗೆ ಮನೆ ಹುಡುಕಿರಲಿಕ್ಕಿಲ್ಲ.

“ಇಲ್ರಿ ಅಮ್ಮಾರ,” ಎಂದಳು ಲಲಿತಾ. ಬಾಯಿಂದ ಬಂದ ಮೇಲೆಯೇ ಅದು ಅವಳ ಕಿವಿಗೆ ಬಿದ್ದದ್ದು. “ನಾನು, ನಮ್ಮ ಮನಿಯವರು, ಮಗಳು ಅನುಷಾ, ಇಷ್ಟ ಮಂದಿ. ಅತ್ತಿ ಊರಾಗ ದೊಡ್ಡ ಮಗನ ಹಂತ್ಯಾಕ ಇರ್ತಾರ. ಅಪರೂಪಕ್ಕ ಬಂದ ಹೋಗ್ತಾರ.”

ಪಡಸಾಲೆಯಿಂದ ಶರಣಬಸಮ್ಮನ ಗಂಡ ವಿರುಪಾಕ್ಷಿ ಎದ್ದು ಬಂದರು. ಸಹಕಾರ ಸಂಘವೊಂದರಲ್ಲಿ ದುಡಿದು ನಿವೃತ್ತರಾದವರು. ಬಂದ ಹಣದಲ್ಲಿ ತಮ್ಮ ಮನೆಯ ಪಕ್ಕಕ್ಕೇ ಬಾಡಿಗೆಗೆಂದು ಇನ್ನೊಂದು ಮನೆ ಕಟ್ಟಿಸಿದ್ದರು. ಎರಡಕ್ಕೂ ಒಂದೇ ಗೇಟು.

“ತಪ್ಪು ತಿಳಕೋಬ್ಯಾಡ ತಂಗಿ,” ಎಂದರು. “ಹಿಂದ ಇದ್ದವರ ಅಪ್ಪ ಇದ ಮನ್ಯಾಗ ತೀರಿದ. ಪಂಚಾಂಗ ತಗಸಿ ನೋಡಿದ್ರ ನಕ್ಷತ್ರ ಕೆಟ್ಟಿತ್ತು. ಆರು ತಿಂಗಳ ಕೀಲಿ ಜಡದು ಕುಂತ್ವಿ. ಕೀಲಿ ತಗದ ಮ್ಯಾಲೂ ‘ಹೆಣ ಬಿದ್ದ ಮನಿ’ ಅಂತ ಒಂದ ನರಪಿಳ್ಳಿ ಬರಲಿಲ್ಲ. ಇರಾವ್ರು ಎಲ್ಲೆರ ಇರಲಿ, ಸಾಯಾವ್ರು ತಮ್ಮ ತಮ್ಮ ಮನ್ಯಾಗ ಸಾಯಲಿ. ನಾ ಹೇಳೂದು ಇಷ್ಟ.”

ತಮ್ಮದೊಂದು ಮನೆ ಇಲ್ಲದವರು ಎಲ್ಲಿ ಸಾಯಬೇಕ್ರಿ ಎಂಬ ಮಾತು ಲಲಿತಾಳ ನಾಲಿಗೆಯ ತುದಿಗೆ ಬಂತು. ಮನೆ ಬೇಕಾಗಿತ್ತು. ನುಂಗಿಕೊಂಡಳು.

ಅತ್ತೆ ಮುದುಕವ್ವ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಮಗ ಯಂಕೇಶ. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿ ಇವರ ಊರು. ಅಲ್ಲಿದ್ದ ಒಂದು ಖೋಲಿಯ ಮನೆ ದಾಯಾದಿಗಳ ಪಾಲಾದ ಮೇಲೆ, ಯಂಕೇಶನಿಗೆ ಸುಟ್ಟ ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುವ ಕೆಲಸ ಸಿಕ್ಕಿದ್ದು ಕುಷ್ಟಗಿಯಲ್ಲಿ. ಅನುಷಾಳ ಹೈಸ್ಕೂಲಿಗೂ ಅನುಕೂಲ.

ಲಲಿತಾ ನಡೆದದ್ದನ್ನೆಲ್ಲ ಹೇಳಿದಳು. ಯಂಕೇಶ ನೆಲ ನೋಡಿದ. ಮುದುಕವ್ವ ಮಾತ್ರ ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟಳು.

“ಭೇಷ್! ನಾ ಒಂದ ಹಡದಿದ್ದೆ, ನೀವು ಇನ್ನೊಂದು ಹಡದ ಕೊಟ್ರಿ. ಅದೂ ದೊಡ್ಡಾಂವ! ಹೆಸರರ ಇಟ್ಟೀರೇನು?”

“ನಗಬ್ಯಾಡ್ರಿ ಅತ್ತಿ.”

“ಮತ್ತ ಅಳಬೇಕೇನ? ದ್ಯಾಮಣ್ಣ ಅಂತ ಇಡೂನು, ನಮ್ಮಪ್ಪನ ಹೆಸರು. ನಾ ದ್ಯಾಮಣ್ಣನ ಮನ್ಯಾಗ ಇರಾಕಿ, ಯಂಕ್ಯಾನ ಮನಿಗೆ ಬೀಗರಂಗ ಬಂದ ಹೋಗಾಕಿ. ಹೆಣ್ಣಮಕ್ಕಳಿಗೆ ಬಸ್ಸು ಪುಕ್ಕಟ ಐತಿ, ಹುಲಿಗ್ಯಾಗ ಹುಲಿಗೆಮ್ಮ ಅದಾಳ. ನಂದೇನ ಚಿಂತಿ?”

ಹೀಗೆ ಮುದುಕವ್ವ ತನ್ನ ಮಗನ ಮನೆಗೆ ಬೀಗಿತ್ತಿಯಾದಳು.

ಎಂಟು ಹತ್ತು ದಿನ ಇರುವುದು. ಆಮೇಲೆ ಚೀಲ ಹಿಡಿದು, ಗೇಟಿನ ಹತ್ತಿರ ಗಟ್ಟಿಯಾಗಿ, “ಬರ್ತೀನ್ರಿ ಶರಣಬಸಮ್ಮಾರ, ದ್ಯಾಮಣ್ಣ ದಾರಿ ನೋಡ್ತಿರ್ತಾನ!” ಎಂದು ಕೂಗಿ ಹೊರಡುವುದು. ಹೊಸಪೇಟೆ ಬಸ್ಸು ಹತ್ತಿ ಹುಲಿಗಿಯಲ್ಲಿಳಿದು, ಗುಡಿಯ ಪ್ರಸಾದ ಉಂಡು, ಹರಕೆಗೆ ಬಂದ ಮಂದಿಯ ನಡುವೆ ಸೆರಗು ಹಾಸಿ ಮಲಗುವುದು. ಒಂದಷ್ಟು ದಿನ ಕಳೆದು “ಮೊಮ್ಮಗಳು ನೆನಪಾದ್ಲು” ಎನ್ನುತ್ತ ತಿರುಗಿ ಬರುವುದು. ಒಮ್ಮೊಮ್ಮೆ ಮಾಲಕರಿಗೆ ಗೊತ್ತಾಗದ ಹಾಗೆ ಕತ್ತಲಾಗುವ ಹೊತ್ತಿಗೆ ಬಂದು ಒಳಸೇರಿಬಿಡುತ್ತಿದ್ದಳು. ಬಾಗಿಲ ಮುಂದೆ ಹೆಚ್ಚಿನ ಚಪ್ಪಲಿ ಕಂಡರೆ ಲೆಕ್ಕ ಹಿಡಿಯುತ್ತಾರೆಂದು, ಹೊಸ್ತಿಲು ದಾಟುವಾಗಲೇ ತನ್ನವನ್ನು ಕೈಯಲ್ಲಿ ಎತ್ತಿಕೊಂಡು ಚೀಲದೊಳಗೆ ಹಾಕಿ ಮಂಚದ ಕೆಳಗೆ ತಳ್ಳುವಳು. ಯಾರೂ ಕಲಿಸದೆ ಕಲಿತ ವಿದ್ಯೆ. ಎಪ್ಪತ್ತು ದಾಟಿದ ಜೀವ ಮಗನ ಮನೆಯಲ್ಲಿ ಕಳ್ಳರ ಹಾಗೆ ಕಾಲಿಡುವುದನ್ನು ಕಂಡಾಗೆಲ್ಲ ಲಲಿತಾ ನಿಜ ಹೇಳಿಬಿಡಲೆಂದು ಎದ್ದು ಬಾಗಿಲ ತನಕ ಹೋಗುವಳು. ಅಲ್ಲಿಂದಲೇ ತಿರುಗಿ ಬಂದು ಒಲೆಯ ಮುಂದೆ ಕೂರುವಳು.

ವಿಚಿತ್ರವೆಂದರೆ ಶರಣಬಸಮ್ಮನಿಗೆ ಮುದುಕವ್ವನ ಮೇಲೆ ಭಾಳ ಪ್ರೀತಿ ಬೆಳೆಯಿತು. ಕಟ್ಟೆಯ ಮೇಲೆ ಕೂತು ಇಬ್ಬರೂ ಮೆಂತ್ಯಪಲ್ಲೆ ಸೋಸುವರು.

“ನಿಮ್ಮ ದ್ಯಾಮಣ್ಣನ ಹೆಂಡ್ತಿ ಹೆಂಗ?” ಎಂದು ಶರಣಬಸಮ್ಮ ಕೇಳಿದರೆ ಮುದುಕವ್ವ ಕಣ್ಣರಳಿಸುವಳು. “ಬಂಗಾರದಂಥಾಕಿ ನೋಡ್ರಿ! ಹಂಚಿನಮ್ಯಾಲಿನ ರೊಟ್ಟಿ ನೆಟ್ಟಗ ನನ್ನ ತಾಟಿಗೆ ಬೀಳತೈತಿ. ‘ಅತ್ತಿ, ಎಲ್ಲೂ ಹೋಗಬ್ಯಾಡ್ರಿ’ ಅಂತ ಕಾಲ ಹಿಡಕೋತಾಳ.” ಒಳಗೆ ಹೊಲಿಗೆ ಮಷಿನ್ನು ತುಳಿಯುತ್ತಿದ್ದ ಲಲಿತಾಳ ಕಾಲು ನಿಂತುಬಿಡುತ್ತಿತ್ತು.

“ಪುಣ್ಯ ಮಾಡೀರಿ,” ಎಂದು ಶರಣಬಸಮ್ಮ ಉಸಿರುಬಿಟ್ಟರು ಒಂದು ದಿನ. “ನಮ್ಮ ಶಾಂತಕುಮಾರ ಹೊಸಪ್ಯಾಟ್ಯಾಗ ಬಾಡಿಗಿ ಮನಿ ಮಾಡ್ಯಾನ. ನಾ ಹೋದ್ರ ನಾಕ ದಿನಕ್ಕ ಸೊಸಿ ನನ್ನ ಬ್ಯಾಗು ತುಂಬಿ ಇಡ್ತಾಳ. ಹೊರಗ ಚಪ್ಪಲಿ ಬಿಟ್ರ ಓಡಿ ಬಂದ ಒಳಗ ಇಡ್ತಾಳ. ನಾಯಿ ಒಯ್ತಾವ ಅಂತಾಳ. ಅವರವು ಮೂರು ಜತಿ ಹೊರಗ ಇರ್ತಾವ, ಅವನ್ನ ಒಯ್ಯಂಗಿಲ್ಲ ಆ ನಾಯಿ! ಎಂಥಾ ಕೆಟ್ಟಾಕಿನ್ನ ತಂದ್ವಿ ನೋಡ್ರಿ.”

ಮುದುಕವ್ವನ ಕೈಯಲ್ಲಿದ್ದ ಮೆಂತ್ಯಪಲ್ಲೆ ಹಾಗೇ ಉಳಿಯಿತು. ಅವಳು ಒಳಗೆ ಸೊಸೆಯ ಕಡೆ ನೋಡಿದಳು. ಸಂಜೆ ಹೊರಟವಳ ಚೀಲದಲ್ಲಿ ಶರಣಬಸಮ್ಮ ಶೇಂಗಾ ಉಂಡಿಯ ಗಂಟು ಇಟ್ಟರು: “ದ್ಯಾಮಣ್ಣನ ಮಕ್ಕಳಿಗೆ ಕೊಡ್ರಿ.”

ಚಳಿಗಾಲ ಬಂತು. ಹುಲಿಗಿಯ ಹೊಳೆಯ ಗಾಳಿಗೆ ಬಯಲಲ್ಲಿ ಮಲಗಿ ಮಲಗಿ ಮುದುಕವ್ವ ಕೆಮ್ಮು ಹೊತ್ತು ಬಂದಳು. ಓಣಿಯ ಆಶಾ ಕಾರ್ಯಕರ್ತೆ ಮಲ್ಲೇಶ್ವರಿ ದವಾಖಾನೆಗೆ ಕರೆದೊಯ್ದು ತೋರಿಸಿದಳು. ಎದೆಯಲ್ಲಿ ನೀರು ನಿಂತಿದೆ, ಬೆಚ್ಚಗಿಡಿ, ಎಲ್ಲೂ ಓಡಾಡಿಸಬೇಡಿ ಅಂದರಂತೆ ಡಾಕ್ಟರು. ಆ ಸಲ ಮುದುಕವ್ವ ಹೇಳಿದ ದಿನಕ್ಕೆ ಹೊರಡಲಿಲ್ಲ. ಕೆಮ್ಮು ಗೋಡೆ ದಾಟಿ ಮಾಲಕರ ಮನೆಗೆ ಕೇಳತೊಡಗಿತು.

ದೀಪ ಹಚ್ಚುವ ಹೊತ್ತಿಗೆ ವಿರುಪಾಕ್ಷಿ ಬಂದು ಅಂಗಳದಲ್ಲಿ ನಿಂತರು. “ಯಂಕೇಶ, ನಿಮ್ಮವ್ವನ ಕೆಮ್ಮು ನನಗ ಛಲೋ ಅನಸವಲ್ದು. ನಾಳಿ ಮುಂಜಾನಿ ದ್ಯಾಮಣ್ಣನ ಮನಿಗೆ ಮುಟ್ಟಸು.”

ಮಾತ್ರೆ ಕೊಡಲು ಬಂದಿದ್ದ ಮಲ್ಲೇಶ್ವರಿ ಎದ್ದು ಹೊರಗೆ ಬಂದಳು. “ಕಾಕಾರ, ಈಗ ಬಸ್ಸಿನ್ಯಾಗ ಕುಂದರಿಸಿದ್ರ ದಾರ್ಯಾಗ ಜೀವಾ ಹೋಗತೈತಿ.”

“ಅದು ಅವರವರ ಹಣೆಬಾರ. ನನ್ನ ಮನ್ಯಾಗ ಹೋಗಬಾರ್ದು. ನಕ್ಷತ್ರ ಕೆಟ್ಟಿದ್ರ ಯಾರ ಹೊಣಿ? ನಮ್ಮ ಹಿರ್ಯಾರು ಸುಮ್ಮನ ಮಾಡ್ಯಾರೇನ ಇವನ್ನೆಲ್ಲ?”

“ದವಾಖಾನ್ಯಾಗ ದಿನಾ ಮಂದಿ ಸಾಯ್ತಾರ್ರಿ. ಒಬ್ಬರು ಸತ್ತ ಮಂಚದ ಮ್ಯಾಲ ಚಾದರ ಬದಲಿ ಮಾಡಿ ಇನ್ನೊಬ್ಬರನ್ನ ಮಲಗಸ್ತೀವಿ. ನಿಮ್ಮ ಮೊಮ್ಮಗ ಹುಟ್ಟಿದ್ದು ಅಂಥಾದ್ರ ಮ್ಯಾಲ. ಹೆಣಕ್ಕೊಮ್ಮೆ ಆರು ತಿಂಗಳ ಕೀಲಿ ಹಾಕಿದ್ರ ನಿಮ್ಮ ಸೊಸಿ ಎಲ್ಲಿ ಹಡೀಬೇಕಿತ್ತು?”

“ಅದು ಸರಕಾರದ್ದು. ಇದು ನನ್ನ ಮನಿ.”

“ನಿಮ್ಮಪ್ಪಾರು ಎಲ್ಲಿ ತೀರಿದ್ರು?”

“ನಮ್ಮ ಮನಿ ಪಡಸಾಲ್ಯಾಗ.” ವಿರುಪಾಕ್ಷಿ ತಡವರಿಸಿದರು. “ಆದ್ರ ಅವರು ಮನಿ ಯಜಮಾನರು. ಅದು ಬ್ಯಾರೆ. ಯಂಕೇಶ, ಮಗಳ ಪರೀಕ್ಷಿ ಹತ್ರ ಬಂದಾವ. ಎಲ್ಲಾರೂ ಕೂಡಿ ಖಾಲಿ ಮಾಡೂದು ಬ್ಯಾಡ ಅಂದ್ರ ವಿಚಾರ ಮಾಡು.”

ಒಳಗೆ ಮುದುಕವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮು ತಡೆಯುತ್ತಿದ್ದಳು. ನಾಳೆ ಬೆಳಗಾಗಲಿ, ದ್ಯಾಮಣ್ಣ ಇಲ್ಲ, ಇಕಿ ಎಲ್ಲಿಗೂ ಹೋಗುವಾಕಿ ಅಲ್ಲ ಎಂದು ಹೇಳಿಯೇಬಿಡುತ್ತೇನೆಂದು ಲಲಿತಾ ಗಟ್ಟಿ ಮಾಡಿಕೊಂಡಳು. ಓದುವ ನೀವೂ ನೆನಪಿಡಿ: ಇಂಥ ಮಾತನ್ನು ನಾಳೆಗೆ ಇಡಬಾರದು.

ಬೆಳಗ್ಗೆ ಎದ್ದು ನೋಡಿದರೆ ಹಾಸಿಗೆ ಮಡಿಚಿಟ್ಟಿತ್ತು. ಮಂಚದ ಕೆಳಗೆ ಚೀಲ ಇರಲಿಲ್ಲ.

ಲಲಿತಾ ಓಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಹೊಸಪೇಟೆ ಬಸ್ಸು ನಿಲ್ಲುವ ಕಡೆ, ಅದೇ ಕಟ್ಟೆಯ ಮೇಲೆ, ಕಂಬಕ್ಕೆ ತಲೆ ಆನಿಸಿ ಮುದುಕವ್ವ ಕೂತಿದ್ದಳು. ನಿದ್ದೆ ಹತ್ತಿದೆ ಎಂದುಕೊಂಡು ಒಬ್ಬ ಪುಣ್ಯಾತ್ಮ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ. ಲಲಿತಾ ಕೈ ಮುಟ್ಟಿದಳು, ತಣ್ಣಗಿತ್ತು. ಕಾಲು ಬರಿದಾಗಿದ್ದವು. ಚಪ್ಪಲಿ ಚೀಲದಲ್ಲಿತ್ತು. ಎಲ್ಲಿ ಕೂತರೂ ಅದನ್ನು ಮುಚ್ಚಿಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಮಗನ ಸಂಸಾರ ಬೀದಿಗೆ ಬೀಳಬಾರದೆಂದು ತಾನೇ ಬೀದಿಗೆ ಬಂದು ಸತ್ತಿದ್ದಳು.

ಗುರುತಿನ ಮುಷರಫ ತನ್ನ ಟಂಟಂ ಆಟೋದಲ್ಲಿ ಹೆಣ ತಂದ. ಅಷ್ಟರಲ್ಲಿ ಗೇಟಿಗೆ ಕೀಲಿ ಬಿದ್ದಿತ್ತು. ಒಳಗೆ ವಿರುಪಾಕ್ಷಿ, ಅವರ ಹಿಂದೆ ಶರಣಬಸಮ್ಮ. ಓಣಿಯ ಮಂದಿ ನೆರೆದಿತ್ತು.

“ಹೊರಗ ತೀರಿದ ಹೆಣ ಒಳಗ ತರಂಗಿಲ್ಲ,” ಎಂದರು ವಿರುಪಾಕ್ಷಿ. “ರೋಡಿನ ಬಾಜೂಕ ಶಾಮಿಯಾನ ಹಾಕಸ್ತೀನಿ, ಖರ್ಚು ನಂದ. ನಾನೇನ ಕಟುಕ ಅಲ್ಲ. ಮದಲ ದ್ಯಾಮಣ್ಣಗ ಫೋನ್ ಹಚ್ರಿ, ಅವನ ಮನಿಗೆ ಒಯ್ರಿ.”

“ದ್ಯಾಮಣ್ಣ ಅನ್ನಾಂವ ಯಾರೂ ಇಲ್ರಿ,” ಎಂದಳು ಲಲಿತಾ.

“ಅಂದ್ರ?”

“ಇಲ್ಲ. ಹುಟ್ಟೇ ಇಲ್ಲ. ವಯಸ್ಸಾದವರಿದ್ರ ನೀವು ಮನಿ ಕೊಡಂಗಿಲ್ಲಂತ ನಾ ಹುಟ್ಟಿಸಿದ ಮಗ ಅಂವ. ಇಕಿ ಇದ ಮನಿಯಾಕಿ.”

ಶರಣಬಸಮ್ಮ ಮುಂದೆ ಬಂದರು. “ಮತ್ತ ನಾ ಅವನ ಮಕ್ಕಳಿಗಂತ ಉಂಡಿ ಕಟ್ಟಿ ಕೊಟ್ಟಿದ್ನೆಲ್ಲ?”

“ಹುಲಿಗಿ ಗುಡಿ ಕಟ್ಟಿಮ್ಯಾಲ ಒಬ್ಬಾಕಿನ ಕುಂತು ತಿಂದಾಳ್ರಿ ಅಮ್ಮಾರ. ಭಾಳ ರುಚಿ ಇದ್ವು ಅಂದ್ಲು.”

ಯಂಕೇಶ ಹೆಂಡತಿಯ ತೋಳು ಹಿಡಿದ. “ಬಿಡ ಲಲಿತಾ. ಶಾಮಿಯಾನದಾಗ ಇಟ್ಟು...”

“ಬಿಡಂಗಿಲ್ಲ!” ಅವಳ ದನಿ ಓಣಿಯ ತುದಿಗೆ ಮುಟ್ಟಿತು. “ಜೀವ ಇದ್ದಾಗ ನಿಮ್ಮವ್ವನ್ನ ಬೀಗಿತ್ತಿ ಮಾಡಿದ್ವಿ. ಸತ್ತ ಮ್ಯಾಲ ಭಿಕ್ಷುಕಿ ಮಾಡೂದು ಬ್ಯಾಡ. ಒಳಗ ಇಟ್ಟು, ಮೈಗೆ ನೀರು ಎರದು, ಹೂವು ಹಾಕಿ ಕಳಸ್ತೀನಿ. ಆಮ್ಯಾಲ ಸಂಜಿಗೆ ಖಾಲಿ ಮಾಡಂದ್ರ ಮಾಡ್ತೀನಿ. ಇನ್ನ ಮ್ಯಾಲ ಯಾವ ಗೇಟಿನ ಮುಂದ ಕೇಳಿದ್ರೂ, ‘ಇದ್ಲು, ನೀವ ಕೊಂದ್ರಿ’ ಅಂತ ಹೇಳ್ತೀನಿ.” ಅವಳು ಸರಳುಗಳ ನಡುವಿನಿಂದ ಶರಣಬಸಮ್ಮನ ಮುಖ ನೋಡಿದಳು. “ಅಮ್ಮಾರ, ಹೊಸಪ್ಯಾಟ್ಯಾಗ ನಿಮ್ಮ ಚಪ್ಪಲಿ ನಾಯಿ ಒಯ್ಯಂಗಿಲ್ರಿ. ನಿಮ್ಮ ಸೊಸಿ ಕೆಟ್ಟಾಕಿ ಅಲ್ಲ. ಆಕಿನೂ ಯಾರದೋ ಗೇಟಿನ ಮುಂದ ನಿಂತು, ‘ಮನ್ಯಾಗ ವಯಸ್ಸಾದವರಿಲ್ರಿ’ ಅಂದಾಳ.”

ಶರಣಬಸಮ್ಮ ಸರಳು ಹಿಡಿದುಕೊಂಡರು. ಟಂಟಂನಲ್ಲಿ ಮಲಗಿದ್ದವಳ ಬರಿಗಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ಗಂಡನ ಮುಂದೆ ಕೈ ಚಾಚಿದರು.

“ಚಾವಿ ಕೊಡ್ರಿ.”

“ತಲಿ ಕೆಟ್ಟೈತೇನ? ನಾಳಿ ಈ ಮನಿಗೆ ಯಾರ ಬರ್ತಾರ?”

“ಯಾರೂ ಬರದಿದ್ರ ನಾ ಇರ್ತೀನಿ. ನನಗ ಹೋಗಿ ಇರಾಕ ಮಗನ ಮನಿ ಎಲ್ಲೈತಿ?”

ವಿರುಪಾಕ್ಷಿಯವರ ಜೇಬಿನಿಂದ ಶರಣಬಸಮ್ಮನೇ ಚಾವಿ ತೆಗೆದುಕೊಂಡರು. ಗೇಟು ತೆರೆಯಿತು. ಮುಷರಫ, ಯಂಕೇಶ, ಓಣಿಯ ನಾಲ್ಕಾರು ಮಂದಿ ಕೈಹಚ್ಚಿ ಮುದುಕವ್ವನನ್ನು ಒಳಗೆ ಒಯ್ದರು. ಎಲ್ಲರೂ ಒಳಹೋದ ಮೇಲೆ ಲಲಿತಾ ಬಾಗಿಲ ಮುಂದೆ ಕೂತು ಚೀಲ ಬಿಚ್ಚಿದಳು. ಹಿಮ್ಮಡಿ ಸವೆದ ಆ ಚಪ್ಪಲಿಗಳನ್ನು ಹೊರತೆಗೆದು, ಸೆರಗಿನಿಂದ ಧೂಳು ಒರೆಸಿ, ತಮ್ಮವುಗಳ ಸಾಲಿನಲ್ಲಿ, ಬೀದಿಗೆ ಕಾಣುವಂತೆ, ಜೋಡಿಸಿ ಇಟ್ಟಳು.