ಏಳು ಸಂದುಗಳು

ಹುಡುಗಿ ಮತ್ತೆ ಅದೇ ಜಾಗದಲ್ಲಿ ನಿಂತಳು. ಬಲಗಾಲನ್ನು ಹಿಂದಕ್ಕೆ ಚಾಚಿ, ಕೈಗಳನ್ನು ಎದೆಯ ಎತ್ತರಕ್ಕೆ ತಂದು, ಎರಡು ಎಣಿಕೆಯಷ್ಟು ಹೊತ್ತು ಉಸಿರು ಹಿಡಿದು, ಆಮೇಲೆ ಹೊಸದಾಗಿ ಶುರುಮಾಡುವವಳಂತೆ ಮುಂದಿನ ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಪಿಯಾನೊ ಮುಂದೆ ಹೋಗಿಬಿಟ್ಟಿತ್ತು. ಅವಳು ಅದರ ಹಿಂದೆ ಓಡಬೇಕಾಯಿತು.

"ನಿಲ್ಸಿ," ಎಂದಳು ನೃತ್ಯ ಸಂಯೋಜಕಿ.

ಪಿಯಾನೊದ ಮುದುಕ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯತ್ತ ಮುಖ ತಿರುಗಿಸಿದ. ಬೆಳಗಿನಿಂದ ಇದು ಹದಿನಾಲ್ಕನೆಯ ಸಲ.

"ಇಲ್ಲಿ ನಿಲ್ಲೋ ಹಾಗಿಲ್ಲ ಕಣಮ್ಮ."

"ಸಿನಿಮಾದಲ್ಲಿ ನಿಂತಿದೆ ಮೇಡಂ."

"ಸಿನಿಮಾದಲ್ಲಿ ಕಟ್ ಆಗಿದೆ. ನಿಂತಿಲ್ಲ."

"ಸರಿ. ಹಾಗಾದ್ರೆ ಇಲ್ಲಿಂದ ಅಲ್ಲಿಗೆ ಹೇಗೆ ಹೋಗ್ಬೇಕು, ಅದನ್ನ ಹೇಳ್ಕೊಡಿ. ಹಾಗೇ ಮಾಡ್ತೀನಿ."

ಸಂಯೋಜಕಿ ಹೇಳಲು ಬಾಯಿ ತೆರೆದಳು. ಅರವತ್ತೆಂಟರ ಈ ವಯಸ್ಸಿನಲ್ಲೂ ಹೆಜ್ಜೆ ಹೇಳಿಕೊಡುವುದೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಪಾದ ಎಷ್ಟು ಓರೆಯಾಗಬೇಕು, ಕತ್ತು ಯಾವ ಎಣಿಕೆಗೆ ತಿರುಗಬೇಕು ಎಂದು ಕರಾರುವಾಕ್ಕಾಗಿ ಹೇಳುವವಳು. ಅದಕ್ಕೇ ತಂಡದವರು ಬೆನ್ನ ಹಿಂದೆ ಅವಳನ್ನು ಅಳತೆಪಟ್ಟಿ ಎನ್ನುತ್ತಿದ್ದರು. ಆದರೆ ಈಗ ಬಾಯಿಗೆ ಏನೂ ಬರಲಿಲ್ಲ. ಒಂದು ಹೆಜ್ಜೆಗೂ ಮುಂದಿನದಕ್ಕೂ ನಡುವೆ ಏನಿತ್ತು ಎಂದು ಹುಡುಕಿದರೆ ಅಲ್ಲಿ ಬರೀ ಬಿಳಿ ಗೋಡೆ.

ಹನ್ನೆರಡು ನಿಮಿಷದ ಒಂಟಿ ನೃತ್ಯ ಅದು. ಒಬ್ಬ ಹೆಂಗಸು ತಾನು ಬಾಳಿದ ಮನೆಯನ್ನು ಖಾಲಿ ಮಾಡಿ ಹೊರಡುವುದು, ಅಷ್ಟೇ ಕಥೆ. ಮೂವತ್ತೊಂದು ವರ್ಷದ ಹಿಂದೆ ಇದೇ ರಂಗಮಂದಿರಕ್ಕಾಗಿ ಮಾಡಿದ್ದಳು. ಆಮೇಲೆ ಮೂರು ಬ್ಯಾಲೆ ಮಾಡಿದಳು. ಸಿನಿಮಾಗಳಿಗೆ ಹತ್ತೊಂಬತ್ತು ನೃತ್ಯ ಕೂಡಿಸಿದಳು. ಮೆಟ್ಟಿಲ ಮೇಲೆ, ಕಾರಂಜಿಯ ಸುತ್ತ, ಒಮ್ಮೆ ರೈಲುಬೋಗಿಯ ನೆತ್ತಿಯ ಮೇಲೂ ಜನರನ್ನು ಕುಣಿಸಿದ್ದಳು. ಬೀದಿಯಲ್ಲಿ ಯಾರಾದರೂ ಗುರುತು ಹಿಡಿದರೆ ಅದು ಆ ಸಿನಿಮಾಗಳಿಂದಲೇ. ಅವನ್ನು ಅವಳು ಚೊಕ್ಕವಾಗಿ ಮಾಡಿದ್ದಳು, ಆದರೆ ಹೊಟ್ಟೆಪಾಡಿಗೆ ಮಾಡಿದ್ದಳು. ಇಷ್ಟು ವರ್ಷ ಏನು ಮಾಡಿದೆ ಎಂದು ಯಾರಾದರೂ ನಿಲ್ಲಿಸಿ ಕೇಳಿದರೆ ತೋರಿಸಲು ಅವಳ ಬಳಿ ಇದ್ದದ್ದು ಈ ಹನ್ನೆರಡು ನಿಮಿಷ. ನೃತ್ಯ ಪುಸ್ತಕದಂತಲ್ಲ; ಒಂದು ಮೈಯಿಂದ ಇನ್ನೊಂದು ಮೈಗೆ ದಾಟಬೇಕು. ದಾಟದಿದ್ದರೆ ಮಾಡಿದವರ ಜೊತೆಗೇ ಹೋಗುತ್ತದೆ. ಅವಳ ಗೌರವಕ್ಕೆಂದು ರಂಗಮಂದಿರ ಒಂದು ಕಾರ್ಯಕ್ರಮ ಇಟ್ಟುಕೊಂಡು, ನಿಮಗೇನು ಬೇಕೋ ಅದನ್ನೇ ಆಡಿಸುತ್ತೇವೆ ಎಂದಾಗ ಅವಳು ಕೇಳಿದ್ದು ಇದೊಂದನ್ನೇ. ಪ್ರದರ್ಶನಕ್ಕೆ ಇನ್ನು ಹದಿನಾರು ದಿನವಿತ್ತು.

ಆ ಸಂಜೆ ಮನೆಗೆ ಬಂದು ಬೀರುವಿನಿಂದ ರಟ್ಟಿನ ಡಬ್ಬಿ ಇಳಿಸಿದಳು. ಒಳಗೆ ಎಂಟು ಹಾಳೆಗಳು. ಒಂದೊಂದರ ಮೇಲೂ ಪೆನ್ಸಿಲಿನ ಪುಟ್ಟ ಪುಟ್ಟ ಮನುಷ್ಯಾಕೃತಿಗಳು, ಪಕ್ಕದಲ್ಲಿ ಎಣಿಕೆ.

ಈ ಹಾಳೆಗಳು ಹುಟ್ಟಿದ್ದು ಸಿನಿಮಾದಿಂದ. ನೃತ್ಯ ರಂಗದ ಮೇಲೆ ಗೆದ್ದ ಮರುವರ್ಷ ಒಬ್ಬ ನಿರ್ಮಾಪಕ ಅದು ತನ್ನ ಸಿನಿಮಾಕ್ಕೆ ಬೇಕೆಂದ. ನಾಯಕಿಗೆ ಕುಣಿಯಲು ಬರುತ್ತಿರಲಿಲ್ಲ. ಮುಖ ಅವಳದು, ಕಾಲು ಬೇರೆಯವರದು ಎಂದಾಯಿತು. ಒಂಬತ್ತು ದಿನ, ಎಂಟು ತುಂಡು. ಪ್ರತಿ ತುಂಡೂ ನಿಂತಲ್ಲಿಂದ ಶುರುವಾಗಿ ನಿಂತಲ್ಲಿಗೆ ಮುಗಿಯಬೇಕು, ಆಗಲೇ ಕ್ಯಾಮೆರಾಕ್ಕೆ ಅನುಕೂಲ. "ನಡುವಿನ ಸಂದುಗಳನ್ನ ತೆಗೆಯೋದು ಬೇಡ, ಅದನ್ನ ಕತ್ತರಿ ನೋಡ್ಕೊಳ್ಳುತ್ತೆ," ಎಂದು ಅವಳೇ ಕ್ಯಾಮೆರಾದವನಿಗೆ ಹೇಳಿದ್ದಳು. ಸಿನಿಮಾ ಅರ್ಥವಾಗುವ ಒಬ್ಬರಾದರೂ ಸಿಕ್ಕರಲ್ಲ ಎಂದು ಅವನು ಖುಷಿಪಟ್ಟಿದ್ದ. ಆ ಖುಷಿಯಲ್ಲಿ ಇವಳೂ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಮನೆಯಲ್ಲಿ ಕುಳಿತು, ನೃತ್ಯ ಬರೆದಿದ್ದ ನೋಟ್‌ಬುಕ್ಕನ್ನು ಶಾಟುಗಳ ಪ್ರಕಾರ ಕತ್ತರಿಸಿ, ಎಂಟು ಹಾಳೆಗೆ ಅಂಟಿಸಿದಳು. ನೋಡಲು ಎಷ್ಟು ಅಚ್ಚುಕಟ್ಟಾಗಿತ್ತು. ಅಂಚಿನಲ್ಲಿ ಉಳಿದ ಚೂರುಗಳನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿದಳು. ಸಂದುಗಳಿದ್ದದ್ದು ಆ ಚೂರುಗಳಲ್ಲಿ.

ಹೆಜ್ಜೆಗಳನ್ನು ಯಾರು ಬೇಕಾದರೂ ಕಲಿಯಬಹುದು. ಒಂದು ಹೆಜ್ಜೆ ಇನ್ನೊಂದರೊಳಗೆ ಗೊತ್ತೇ ಆಗದಂತೆ ಕರಗುವುದೇ ನೃತ್ಯ ಎಂದು ನಲವತ್ತು ವರ್ಷ ಪಾಠ ಹೇಳಿದವಳು ಅವಳು.

ಮೂರನೆಯ ಹಾಳೆಯ ಅಂಚಿನಲ್ಲಿ ಮಾತ್ರ ಕತ್ತರಿ ಸ್ವಲ್ಪ ಆಚೆಗೆ ಓಡಿತ್ತು. ಅಲ್ಲಿ ಮೂರು ಪದ ಉಳಿದಿದ್ದವು: ಪುಟ್ಟಿ ಮಾಡಿದ ಹಾಗೆ.

ಪುಟ್ಟಿ ಎಂದರೆ ಅವಳ ತಂಗಿ. ಈ ನೃತ್ಯವನ್ನು ರಂಗದ ಮೇಲೆ ಮೊದಲು ಆಡಿದವಳು ಅವಳು. ಸಿನಿಮಾದಲ್ಲಿ ನಾಯಕಿಯ ಮುಖದ ಕೆಳಗಿದ್ದ ಕಾಲುಗಳೂ ಅವಳವೇ. ಪರದೆಯ ಮೇಲೆ ಅವಳ ಹೆಸರು ಬರಲಿಲ್ಲ. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ಮದುವೆ, ಸಾವುಗಳಿಗಷ್ಟೇ ಉಳಿದಿತ್ತು.

ಮರುದಿನ ಎರಡು ಬಸ್ಸು ಬದಲಾಯಿಸಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿ ಹತ್ತಿ, ಬಾಗಿಲು ತಟ್ಟಿದಳು. ತಂಗಿ ಬಾಗಿಲು ತೆಗೆದು ಮೊದಲು ಕಾಲು ನೋಡಿದಳು, ಆಮೇಲೆ ಮುಖ.

"ಇನ್ನೂ ನಿನ್ನ ಚಪ್ಪಲಿ ಒಂದೇ ಕಡೆ ಸವೆಯುತ್ತಲ್ಲ. ಬಾ ಒಳಗೆ. ಯಾರು ಹೋದ್ರು?"

"ಯಾರೂ ಹೋಗಿಲ್ಲ ಪುಟ್ಟಿ."

"ಹಾಗಾದ್ರೆ ನಿಂಗೇನೋ ಬೇಕಾಗಿದೆ."

ದೊಡ್ಡ ಕೋಣೆಯೇ ಮಕ್ಕಳ ನೃತ್ಯಶಾಲೆ. ಗೋಡೆಗೆ ಕನ್ನಡಿ, ಹಿಡಿದು ನಿಲ್ಲಲು ಮಕ್ಕಳ ಸೊಂಟದೆತ್ತರಕ್ಕೆ ಮರದ ಕಂಬಿ, ನೆಲದ ಮೇಲೆ ಸೀಮೆಸುಣ್ಣದ ಗೆರೆ. ಅರವತ್ತೊಂದು ವರ್ಷದ ಪುಟ್ಟಿ ಕುರ್ಚಿಯಲ್ಲಿ ಕೂತು, ರಾಶಿಬಿದ್ದ ಮಕ್ಕಳ ಬೂಟುಗಳಲ್ಲಿ ಜೊತೆ ಹುಡುಕುತ್ತ, ಅಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಹೆಜ್ಜೆ ಎಲ್ಲಾ ಇದೆ. ಏಳು ಸಂದು ಮಾತ್ರ ನಂಗೆ ನೆನಪಾಗ್ತಿಲ್ಲ," ಎಂದಳು ಅಕ್ಕ. ಅಷ್ಟು ಹೇಳುವುದಕ್ಕೆ ಹಲ್ಲು ಕಿತ್ತಷ್ಟು ಕಷ್ಟವಾಯಿತು.

"ನಿಂಗೆ ಹೇಗೆ ನೆನಪಿರುತ್ತೆ? ನೀನು ಮಾಡಿದ್ರೆ ತಾನೆ."

"ಅಂದ್ರೆ?"

"ಅಂದ್ರೆ ಏನು ಅಂದ್ರೆ. 'ಇಲ್ಲಿಂದ ಅಲ್ಲಿಗೆ ಹೇಗಾದ್ರೂ ಬಾ ಪುಟ್ಟಿ, ಅಷ್ಟರಲ್ಲಿ ಟೀ ಕುಡಿದು ಬರ್ತೀನಿ' ಅಂತ ಹೊರಟುಬಿಡ್ತಿದ್ದೆ. ನೀನು ಬರೋಷ್ಟರಲ್ಲಿ ನಾನು ಹುಡುಕಿ ಇಟ್ಟಿರ್ತಿದ್ದೆ. ನೋಡಿ 'ಹಾಂ, ಇದೇ ಇದೇ' ಅಂತಿದ್ದೆ, ನೀನೇ ಹೇಳಿಕೊಟ್ಟು ಹೋಗಿದ್ದೆಯೇನೋ ಅನ್ನೋ ಹಾಗೆ. ಏಳು ಸಲ ಟೀ ಕುಡಿದೆ ನೀನು."

ಅಕ್ಕ ಅಲ್ಲಗಳೆಯಲಿಲ್ಲ. ಹೌದು, ಹಾಗೇ ಆಗಿತ್ತು. ಟೀ ಲೋಟದ ಬಿಸಿ ನೆನಪಿತ್ತು, ವಾಪಸು ಬಂದು ಬಾಗಿಲಲ್ಲಿ ನಿಂತದ್ದು ನೆನಪಿತ್ತು. ತಂಗಿ ಏನು ಮಾಡಿ ತೋರಿಸಿದಳು ಎಂಬುದಷ್ಟೇ ಇಲ್ಲ. ತನ್ನದು ಎಂದು ಮೂವತ್ತೊಂದು ವರ್ಷ ಎದೆಗವಚಿಕೊಂಡಿದ್ದರಲ್ಲಿ ಬೇಕಾದ ಭಾಗ ತನ್ನದಾಗಿರಲೇ ಇಲ್ಲ.

"ಆಮೇಲೆ ಸಿನಿಮಾದಲ್ಲಿ ಮೊಣಕಾಲಿನ ಕೆಳಗೆ ಮಾತ್ರ ನಾನು," ಎಂದಳು ತಂಗಿ. "ಥಿಯೇಟರಿನಲ್ಲಿ ಅರ್ಧ ಟಿಕೆಟ್ ಕೊಡಿ ಅಂತ ಕೇಳಿದೆ. ಕೊಡ್ಲಿಲ್ಲ."

ಎಷ್ಟೋ ಸಲ ಹೇಳಿ ಹೇಳಿ ನುಣುಪಾದ ತಮಾಷೆ ಅದು. ಅಕ್ಕ ನಕ್ಕಳು, ತಂಗಿ ನಗಲಿಲ್ಲ.

"ತೋರಿಸ್ತೀಯಾ ಪುಟ್ಟಿ?"

"ಈ ಮಂಡಿಯಲ್ಲಾ? ಎರಡೂ ಲೋಹ. ಡಾಕ್ಟರು ಮೆಟ್ಟಿಲು ಇಳಿಯೋಕೂ ಲೆಕ್ಕ ಹಾಕಿಕೊಟ್ಟಿದ್ದಾರೆ."

"ಕೈಯಲ್ಲಿ."

ಕಾಲು ದಣಿದಾಗ ನರ್ತಕರು ಅಂಗೈಗಳನ್ನು ಮೇಜಿನ ಮೇಲಿಟ್ಟು ಅಂಗಾಲಿನಂತೆ ನಡೆಸುತ್ತಾರೆ. ಬೇರೆಯವರಿಗೆ ಅದು ಹುಚ್ಚಾಟದಂತೆ ಕಂಡೀತು. ಈ ಕೆಲಸದವರಿಗೆ ಅಚ್ಚಾದ ಅಕ್ಷರದಷ್ಟು ಸ್ಪಷ್ಟ. ತಂಗಿ ಬೂಟುಗಳನ್ನು ಪಕ್ಕಕ್ಕೆ ಸರಿಸಿ ಮೇಜಿಗೆ ಕುರ್ಚಿ ಎಳೆದುಕೊಂಡಳು. ಅಕ್ಕ ಫೋನಿನಲ್ಲಿ ಪಿಯಾನೊ ಹಾಕಿದಳು.

ನರ ಎದ್ದ ಎರಡು ಕೈಗಳು ನಡೆದವು. ಒಬ್ಬ ಹೆಂಗಸು ಖಾಲಿ ಮನೆಯೊಳಗೆ ಬಂದಳು, ಕಿಟಕಿಯತ್ತ ಹೋದಳು, ತಿರುಗಿದಳು. ಮೊದಲ ತುಂಡು ಮುಗಿಯುತ್ತ ಬಂತು. ಬಲಗೈ ಹಿಂದಕ್ಕೆ ಚಾಚಿತು, ಹಿಮ್ಮಡಿಯ ಜಾಗದಲ್ಲಿದ್ದ ಮಣಿಕಟ್ಟು ಮೇಲೆದ್ದಿತು. ಆಮೇಲೆ ಎರಡೂ ಕೈ ಜೋಡಿಯಾಗಿ ನಿಂತು, ಒಂದು, ತೆರೆ, ಎರಡು, ಮುಚ್ಚು, ಮೂರು, ತೆರೆ.

ತಂಗಿ ನಿಲ್ಲಿಸಿದಳು. "ಮತ್ತೆ ಹಾಕು."

ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲ ಅವಳು ಕಣ್ಣುಮುಚ್ಚಿಕೊಂಡಳು, ಹುಬ್ಬಿನ ನಡುವೆ ಗೆರೆ ಎದ್ದಿತು. ಕೈಗಳು ಆ ಜಾಗಕ್ಕೆ ಬಂದವು. ತೆರೆ, ಮುಚ್ಚು, ತೆರೆ. ಉಳಿದ ಆರು ಸಂದುಗಳನ್ನೂ ನೋಡಿದರು. ಎಲ್ಲ ಕಡೆಯೂ ತೆರೆ, ಮುಚ್ಚು.

"ಏನಿದು?"

"ಮಕ್ಕಳ ಮೊದಲ ಪಾಠ." ತಂಗಿ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. "ಆಗ ಆ ಸಂಗೀತ ಎಲ್ಲಿ ನೋಡಿದ್ರೂ ಕೇಳ್ತಿತ್ತಲ್ಲ ಅಕ್ಕ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯಲ್ಲಿ. ಕೇಳಿದ್ರೆ ಸಾಕು, ಕಾಲು ತಾನಾಗೇ ಹೋಗ್ತಿತ್ತು. ತಡೆಯೋಕಾಗ್ತಿರಲಿಲ್ಲ. ಅದಕ್ಕೆ ಇಲ್ಲಿ ಕ್ಲಾಸ್ ಶುರುಮಾಡಿದಾಗ ಬೇಕಂತಲೇ ಅದೇ ಸಂಗೀತ ತಗೊಂಡೆ. ಸಂದು ಬರೋ ಜಾಗಕ್ಕೆ ಸರಿಯಾಗಿ ಮಕ್ಕಳ ಪಾಠ ಕೂರಿಸಿದೆ. ಅದು ಅಳಿಸಿಹೋಗ್ಲಿ ಅಂತ ಅದರ ಮೇಲೆ ಇದು. ದಿನಾ ಅದೇ. ಇಪ್ಪತ್ತಾರು ವರ್ಷ."

"ನನ್ನ ಮೇಲಿನ ಸಿಟ್ಟಿಗೆ."

"ಮೊದಲೆರಡು ವರ್ಷ ಸಿಟ್ಟಿಗೆ. ಆಮೇಲೆ ಸಿಟ್ಟು ಹೋಯ್ತು, ಪಾಠ ಉಳೀತು." ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಇದ್ದಿದ್ರೆ ಕೊಡ್ತಿದ್ದೆ ಕಣೇ. ದೇವರಾಣೆಗೂ ಕೊಡ್ತಿದ್ದೆ. ಹುಡುಕಿದ್ದು ನೋಡಿದೆಯಲ್ಲ."

"ಬಾ ನನ್ನ ಜೊತೆ. ಹೊಸದಾಗಿ ಹುಡುಕೋಣ."

"ಯಾವ ಕಾಲಲ್ಲಿ?"

ಕೆಳಗೆ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗದ್ದಲ ಕೇಳಿತು. ತಂಗಿಯ ಕ್ಲಾಸಿಗೆ ಹೊತ್ತಾಗಿತ್ತು. "ಮೊದಲೇ ಒಂದು ಸಲ ಬಂದು ಕೇಳಬಾರದಾಗಿತ್ತಾ," ಎಂದಳು ತಂಗಿ, ಬೈಯುವವಳಂತಲ್ಲ, ಬಸ್ಸು ತಪ್ಪಿದ್ದರ ಬಗ್ಗೆ ಹೇಳುವವಳಂತೆ.

ಮರುದಿನ ಸಂಯೋಜಕಿ ಹುಡುಗಿಗೆ, "ಇಲ್ಲಿಂದ ಅಲ್ಲಿಗೆ ನೀನೇ ಹೇಗಾದ್ರೂ ಹೋಗು," ಎಂದು ಹೇಳಿ ಹೊರಗೆ ಬಂದಳು. ಮೊಗಸಾಲೆಯ ಬೆಂಚಿನ ಮೇಲೆ ಕೂತಳು. ತಂದಿಟ್ಟ ಟೀ ಕೆನೆಗಟ್ಟಿತು. ಒಳಗೆ ಪಿಯಾನೊ ನಿಂತು ನಿಂತು ಕೇಳಿಸುತ್ತಿತ್ತು. ಅರ್ಧ ಗಂಟೆಯ ಮೇಲೆ ಒಳಹೋದಾಗ ಹುಡುಗಿ ಬೆವರಿನಲ್ಲಿ ತೊಯ್ದು, ಅದೇ ಜಾಗದಲ್ಲಿ ನಿಂತಿದ್ದಳು.

"ಅಲ್ಲಿಗೆ ಬಂದ ತಕ್ಷಣ ಮೈ 'ಮುಗೀತು' ಅನ್ನುತ್ತೆ ಮೇಡಂ. ನಾನು ಬೇಡ ಅಂದ್ರೂ ಕೇಳಲ್ಲ."

"ಎಷ್ಟು ಸಲ ನೋಡಿದ್ದೀಯ ಆ ಸಿನಿಮಾನ?"

"ಇನ್ನೂರು ಸಲ ಆಗಿರ್ಬೋದು. ಚಿಕ್ಕವಳಿದ್ದಾಗಿಂದ. ಅದನ್ನ ನೋಡಿಯೇ ಅಲ್ವಾ ನಾನು ಕುಣಿಯೋಕೆ ಬಂದಿದ್ದು."

ಅವಳು ಖುಷಿಯಾಗಲೆಂದೇ ಹೇಳಿದ್ದಳು. ಸಂಯೋಜಕಿ ಅವಳ ಬೆನ್ನು ತಟ್ಟಿ, ಬೂಟು ಬಿಚ್ಚಿ ಸ್ವಲ್ಪ ಕೂರಲು ಹೇಳಿದಳು. ಆಮೇಲಿನ ದಿನಗಳಲ್ಲಿ ತಾನೇ ಏಳಕ್ಕೂ ಏಳು ಸಂದು ಮಾಡಿ ಬರೆದಳು, ಕೋನ, ಎಣಿಕೆ, ಭಾರ ಯಾವ ಕಾಲಿನ ಮೇಲೆ ಎಲ್ಲ ಸೇರಿಸಿ. ಹುಡುಗಿ ಬರೆದದ್ದನ್ನು ಬರೆದಂತೆ ಮಾಡಿದಳು. ಒಡೆದ ಬಟ್ಟಲಿಗೆ ಗೋಂದು ಹಚ್ಚಿದ ಹಾಗೆ ಕಂಡಿತು. ಪಿಯಾನೊದ ಮುದುಕ ಕೂಡ ಕಿಟಕಿಯತ್ತ ನೋಡುವುದನ್ನು ಬಿಟ್ಟು ತನ್ನ ಉಗುರು ನೋಡಿಕೊಂಡ.

ಐದು ದಿನ ಉಳಿದಾಗ ರಂಗಮಂದಿರದ ಮ್ಯಾನೇಜರು ಬಂದು ಹಿಂದಿನ ಸಾಲಿನಲ್ಲಿ ಕೂತು ನೋಡಿದ.

"ಇದಕ್ಕೇ ಇಷ್ಟು ತಲೆ ಕೆಡಿಸ್ಕೊಂಡಿದ್ದೀರಾ ಮೇಡಂ? ಆ ಜಾಗ ಬಂದಾಗ ಲೈಟ್ ಆರಿಸಿಬಿಡೋಣ. ಕತ್ತಲಲ್ಲಿ ಅವಳು ನಡ್ಕೊಂಡು ಹೋಗಿ ನಿಂತ್ಕೊಳ್ಳಲಿ. ಮತ್ತೆ ಲೈಟ್. ಸಿನಿಮಾ ನೋಡಿದ ಹಾಗೇ ಇರುತ್ತೆ."

ಯಾವ ಜಾಗದಲ್ಲಿ ನೃತ್ಯವಿತ್ತೋ ಆ ಜಾಗದಲ್ಲಿ ಕತ್ತಲೆ. ಬೇಡ ಎನ್ನಲು ಅವಳ ಹತ್ತಿರ ಕೊಡುವುದಕ್ಕೆ ಬೇರೇನೂ ಇರಲಿಲ್ಲ. ಗಡಿಯಾರ ಹಿಡಿದು ಕೂತಳು. ಮೊದಲನೆಯದು ಮೂರು ಸೆಕೆಂಡು, ಎರಡನೆಯದು ನಾಲ್ಕೂವರೆ. ಹೀಗೆ ಏಳಕ್ಕೂ ಅಳತೆ ಹಾಕಿ ದೀಪದವನಿಗೆ ಬರೆದುಕೊಟ್ಟಳು. ಕೆಲಸ ಎಂದ ಮೇಲೆ ನೆಟ್ಟಗೆ ಮಾಡಬೇಕಲ್ಲ.

ಕಾರ್ಯಕ್ರಮದ ಹಾಳೆ ಅಚ್ಚಿಗೆ ಹೋಗುವ ಮುನ್ನ ತಂಗಿಗೆ ಫೋನ್ ಮಾಡಿದಳು. "ನನ್ನ ಹೆಸರಿನ ಜೊತೆ ನಿನ್ನ ಹೆಸರೂ ಹಾಕಿಸ್ತೀನಿ ಪುಟ್ಟಿ. ಸಂದುಗಳು ನಿನ್ನವು ಅಂತ."

"ಸಂದು ಸಿಕ್ತಾ?"

ಅಕ್ಕ ಕತ್ತಲೆಯ ವಿಷಯ ಹೇಳಿದಳು.

"ಬೇಡ ಅಕ್ಕ. ಕತ್ತಲೆಗೆ ನನ್ನ ಹೆಸರು ಹಾಕ್ಬೇಡ."

ಪ್ರದರ್ಶನ ಭಾನುವಾರ ಮಧ್ಯಾಹ್ನ. ಸಭಾಂಗಣ ತುಂಬಿತ್ತು. ಸಂಯೋಜಕಿ ಎರಡನೆಯ ಸಾಲಿನಲ್ಲಿ ಕೂತಿದ್ದಳು. ಮೊದಲ ತುಂಡು ಮುಗಿದು ದೀಪ ಆರಿದಾಗ ಹಲಗೆಯ ಮೇಲೆ ಹುಡುಗಿ ನಡೆಯುವ ಸಪ್ಪಳ ಅವಳಿಗೆ ಕೇಳಿಸಿತು. ಕೋಣೆಯಿಂದ ಕೋಣೆಗೆ ನಡೆಯುವ, ಯಾರದ್ದೂ ಆಗಬಹುದಾದ ಮಾಮೂಲಿ ನಡಿಗೆ. ಮೂರು ಸೆಕೆಂಡು ಸರಿಯಾಗಿತ್ತು. ನಾಲ್ಕನೆಯ ಕತ್ತಲೆಗೆ ಜನ ಚಪ್ಪಾಳೆ ತಟ್ಟಿದರು; ಐದನೆಯದಕ್ಕೆ ಕಾಯತೊಡಗಿದರು. ಅವಳು ಮಾತ್ರ ಪ್ರತಿ ಸಲ ದೀಪ ಆರಿದಾಗಲೂ, ಈಗಲಾದರೂ ಏನಾದರೂ ಕಂಡೀತೆಂದು ಕಣ್ಣರಳಿಸಿ ನೋಡಿದಳು. ಏನೂ ಕಾಣಲಿಲ್ಲ.

ಮುಗಿದ ಮೇಲೆ ಮೊಗಸಾಲೆಯಲ್ಲಿ ಒಬ್ಬ ಪತ್ರಕರ್ತ ಜನರ ನಡುವೆ ದಾರಿ ಮಾಡಿಕೊಂಡು ಬಂದ.

"ಆ ಕತ್ತಲೆಯೇ ಇಡೀ ನೃತ್ಯದ ಜೀವ ಅನ್ನಿಸ್ತು ಮೇಡಂ. ಅದು ಮೊದಲಿಂದಲೂ ಇತ್ತಾ? ನಿಮ್ಮದೇ ಕಲ್ಪನೆನಾ?"

ಮ್ಯಾನೇಜರು ನಗುತ್ತ ಏನೋ ಹೇಳಲು ಮುಂದೆ ಬಂದ. ಅವಳು ಅವನ ತೋಳು ಹಿಡಿದು ತಡೆದಳು.

"ಮೊದಲು ಇರಲಿಲ್ಲ," ಎಂದಳು. "ಆದ್ರೆ ಅದು ನನ್ನದೇ. ಅದೊಂದು ಪೂರ್ತಿ ನನ್ನದು. ಬರ್ಕೊಳ್ಳಿ."

ಅವನು ಬರೆದುಕೊಂಡ.