ರಬ್ಬರ್ ಕಪ್ಪಿನ ಸ್ಪ್ರಿಂಗು

ಇಡಿಕುಳರ ಕೆಂಪು ಗಾಡಿ ಅವರದೇ ಗೇಟಿನ ಕಲ್ಲುಕಂಬಕ್ಕೆ ಮೂತಿ ಕೊಟ್ಟು ನಿಂತು ನಾಲ್ಕು ದಿನವಾಗಿತ್ತು. ಐದನೇ ದಿನ ಬೆಳಿಗ್ಗೆ ಮೆಕ್ಯಾನಿಕ್ ಅಲಿ ಕುಂಞಿ ಸ್ಪಾನರಿನ ಚೀಲ ಹಿಡಿದುಕೊಂಡು ಕೊಯಿಲದ ಆ ಮನೆಗೆ ಬಂದ. ಜಾಲ್ಸೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದವನಿಗೆ ಸುದ್ದಿ ಮುಟ್ಟಿದ್ದೇ ಹಿಂದಿನ ಸಂಜೆ.

ಅದನ್ನು ಗಾಡಿ ಎನ್ನಲು ಇಡಿಕುಳರ ಹೆಂಡತಿ ವಲ್ಸಾ ಮಾತ್ರ ಒಪ್ಪುತ್ತಿರಲಿಲ್ಲ. ಹಳೇ ಜೀಪಿನ ಚಾಸಿ, ಗುಜರಿಯಿಂದ ತಂದ ಕಾರಿನ ಇಂಜಿನ್, ಅದಕ್ಕೆ ಇರಬೇಕಾದ್ದಕ್ಕಿಂತ ದೊಡ್ಡ ಕಾರ್ಬುರೇಟರ್. ಟಾಪೂ ಇಲ್ಲ, ಬಾಗಿಲೂ ಇಲ್ಲ. ರಬ್ಬರ್ ಶೀಟು ಒಣಗಿಸುವ ಶೆಡ್ಡಿನಲ್ಲಿ ಇಡಿಕುಳ, ಅಲಿ ಕುಂಞಿ ಇಬ್ಬರು ಗೆಳೆಯರೂ ಸೇರಿ ಮೂರು ವರ್ಷ ಕೂತು ಕಟ್ಟಿದ್ದು. ಅಷ್ಟು ಕಾಲವೂ ವಲ್ಸಾ ಶೀಟುಗಳನ್ನು ಬಟ್ಟೆ ಒಣಹಾಕುವ ಹಗ್ಗದಲ್ಲಿ ನೇತುಹಾಕಿ, ಮನೆಯ ಬಟ್ಟೆಗಳನ್ನೆಲ್ಲ ಬೇಲಿಯ ಮೇಲೆ ಒಣಗಿಸಿದ್ದರು.

ಭಾನುವಾರ ಚರ್ಚು ಮುಗಿಸಿ, ಮೂವತ್ತು ಮೊಟ್ಟೆ ಕೊಂಡು, ಗಂಡ ಹೆಂಡತಿ ಅದರಲ್ಲೇ ಮನೆಗೆ ಬರುತ್ತಿದ್ದರಂತೆ. ಗೇಟಿನ ಮುಂದಿನ ಇಳಿಜಾರಿನಲ್ಲಿ ಗಾಡಿ ನಿಲ್ಲುವ ಬದಲು ಹಾರಿತು. ಇಡಿಕುಳರ ಮೊಣಕಾಲು ಊದಿತು. ವಲ್ಸಾಗೆ ಒಂದು ಗೀರೂ ಆಗಲಿಲ್ಲ, ಆದರೆ ಮೊಟ್ಟೆಯಲ್ಲಿ ಒಂದೂ ಉಳಿಯಲಿಲ್ಲ.

"ಪಪ್ಪನಿಗೆ ಬ್ರೇಕ್ ಯಾವುದು, ಎಕ್ಸಲೇಟರ್ ಯಾವುದು ಗೊತ್ತಾಗುದಿಲ್ಲ ಈಗ," ಎಂದಳು ಮಗಳು ಜಿಷಾ. ಸುದ್ದಿ ಕೇಳಿ ಪುತ್ತೂರಿನಿಂದ ಓಡಿಬಂದವಳು ಅವಳು. ಎಲ್ಲ ಗಾಡಿಗಳ ಕೀಲಿಯೂ ಅವಳ ಬ್ಯಾಗಿನೊಳಗೆ ಸೇರಿಯಾಗಿತ್ತು. "ಸಂಜೆ ಗುಜರಿಯವರು ಬರ್ತಾರೆ, ಅಲಿಕ್ಕಾ. ನೀವು ಇವರ ಪರ ಮಾತಾಡ್ಬೇಡಿ."

ಅಲಿ ಕುಂಞಿ ಇಡಿಕುಳರ ಮುಖ ನೋಡಿದ. ಅವರು ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತು ನೆಲ ನೋಡುತ್ತಿದ್ದರು.

"ಅವಳು ಹೇಳುದು ಸರಿ. ನನ್ನದೇ ಕಾಲು ತಪ್ಪಿದ್ದು," ಎಂದರು. "ವಯಸ್ಸಾಯ್ತಲ್ಲ ಮಾರಾಯ. ಇನ್ನು ಸ್ಟೇರಿಂಗ್ ಹಿಡಿಯುದಿಲ್ಲ ಅಂತ ಮಾತು ಕೊಟ್ಟಿದ್ದೇನೆ."

ಘಾಟಿಯ ತಿರುವಿನಲ್ಲೂ ಒಂದು ಕೈಯಲ್ಲಿ ಬೀಡಿ ಹಚ್ಚುತ್ತಿದ್ದ ಮನುಷ್ಯ ಹೀಗೆ ಮೆತ್ತಗೆ ಸೋಲೊಪ್ಪಿದ್ದು ಅಲಿ ಕುಂಞಿಗೆ ಹಿಡಿಸಲಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿ ಅನ್ನಿಸಿತು. ಚೀಲ ಎತ್ತಿಕೊಂಡು ಗೇಟಿಗೆ ನಡೆದ.

ಬಂಪರ್ ಒಳಕ್ಕೆ ಮಡಚಿತ್ತು, ರೇಡಿಯೇಟರ್ ಒಡೆದಿತ್ತು. ಅದೆಲ್ಲ ಸರಿಮಾಡುವಂಥದ್ದೇ. ಆಮೇಲೆ ಚಕ್ರ ಬಿಚ್ಚಿ ಬ್ರೇಕು ನೋಡಿದ. ಹೋದ ತಿಂಗಳು ಅವನೇ ಹಾಕಿದ ಹೊಸ ಬ್ರೇಕ್ ಲೈನರು ಸುಟ್ಟು ಕರಕಲಾಗಿತ್ತು. ನಾಲ್ಕು ಚಕ್ರದಲ್ಲೂ ಅದೇ ಕಥೆ.

ಅಲಿ ಕುಂಞಿ ನೆಲದಲ್ಲೇ ಕೂತುಬಿಟ್ಟ. ಬ್ರೇಕು ಹೀಗೆ ಸುಡಬೇಕಾದರೆ ಕಾಲು ಬ್ರೇಕಿನ ಮೇಲೆಯೇ ಇದ್ದಿರಬೇಕು, ಅದೂ ಬಲವಾಗಿ. ಹಾಗಾದರೆ ಎಕ್ಸಲೇಟರನ್ನು ಒತ್ತಿ ಹಿಡಿದದ್ದು ಯಾರು? ಬಾನೆಟ್ ಎತ್ತಿದ. ಕಾಲು ತೆಗೆದ ಕೂಡಲೇ ಎಕ್ಸಲೇಟರನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗು ಕಾರ್ಬುರೇಟರಿನ ಪಕ್ಕದಲ್ಲಿ ಇರಬೇಕಿತ್ತು. ಅಲ್ಲಿ ಏನೂ ಇರಲಿಲ್ಲ.

ಆಗ ಅವನಿಗೆ ನೆನಪಾಯಿತು. ಮಳೆಗಾಲದ ಮುಂಚೆ ಒಂದು ಶುಕ್ರವಾರ, ಸ್ಪ್ರಿಂಗು ತುಂಡಾಯಿತೆಂದು ಇಡಿಕುಳ ಗ್ಯಾರೇಜಿಗೆ ಬಂದಿದ್ದರು. ಇವನಿಗೆ ಮಸೀದಿಯ ಜುಮಾ ನಮಾಜಿಗೆ ಹೊತ್ತಾಗಿತ್ತು. "ಸದ್ಯಕ್ಕೆ ರಬ್ಬರ್ ಮರದ ಕಪ್ಪಿಗೆ ಹಾಕುವ ಸ್ಪ್ರಿಂಗ್ ಸಿಕ್ಕಿಸಿ ಚೇಟ, ನಿಮ್ಮಲ್ಲಿ ಬೇಕಾದಷ್ಟು ಉಂಟಲ್ಲ. ಬರುವ ವಾರ ಸರಿಯಾದ್ದು ಹಾಕುವ," ಎಂದಿದ್ದ; ಅಣ್ಣನ ಸಮವೆಂದು ಇಡಿಕುಳರನ್ನು ಅವನು ಕರೆಯುವುದೇ ಚೇಟ ಎಂದು. ಆ ವಾರ ಬರಲೇ ಇಲ್ಲ. ಲೈನರು ಹಾಕುವಾಗಲೂ ಬಾನೆಟ್ ಎತ್ತಿ ನೋಡಿರಲಿಲ್ಲ. ಹಾಲು ಹಿಡಿಯುವ ಕಪ್ಪನ್ನು ಮರಕ್ಕೆ ಬಿಗಿದಿಟ್ಟು, ಮರ ದಪ್ಪವಾದ ಹಾಗೆ ಬಿಟ್ಟುಕೊಡುವುದೇ ಆ ಸ್ಪ್ರಿಂಗಿನ ಕೆಲಸ. ಬಿಸಿ ಇಂಜಿನಿನ ಪಕ್ಕದಲ್ಲಿ ದಿನಾ ಎಳೆಸಿಕೊಂಡು ಅದು ಸೋತು ಉದ್ದವಾಗಿ, ಎಕ್ಸಲೇಟರ್ ಒತ್ತಿದಲ್ಲೇ ನಿಂತಿರಬೇಕು. ಇದು ತಿಳಿಯದ ಮೆಕ್ಯಾನಿಕ್ಕೇನೂ ಅಲ್ಲ ಅವನು.

ಬಾಯಿ ಮುಚ್ಚಿಕೊಂಡು ಹೊಸ ಸ್ಪ್ರಿಂಗು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಡಬದ ಸುತ್ತಮುತ್ತ ಮಕ್ಕಳನ್ನು ಶಾಲೆಗೆ ಒಯ್ಯುವ ಜೀಪುಗಳೆಲ್ಲ ಬರುವುದು ಅವನ ಗ್ಯಾರೇಜಿಗೇ. ಅಲಿ ಕುಂಞಿ ಕೈ ಹಾಕಿದ ಮೇಲೆ ಕಣ್ಣುಮುಚ್ಚಿ ಕೂರಬಹುದು ಎನ್ನುವ ಹೆಸರೊಂದೇ ಅವನ ಮೂವತ್ತು ವರ್ಷದ ಗಳಿಕೆ. ಇದನ್ನೆಲ್ಲ ಯೋಚಿಸಿದ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಎದ್ದು ಕೈ ಒರೆಸಿಕೊಂಡು ಜಗಲಿಗೆ ಬಂದ.

"ಜಿಷಾ, ಕೀ ಪಪ್ಪನಿಗೆ ಕೊಡು. ಅವರ ಕಾಲು ಬ್ರೇಕಲ್ಲೇ ಇತ್ತು. ತಪ್ಪಿದ್ದು ನಾನು," ಎಂದ. ಶುಕ್ರವಾರದ ಮಾತನ್ನೂ ಲೈನರಿನ ಸಂಗತಿಯನ್ನೂ ಒಂದೂ ಬಿಡದೆ ಹೇಳಿದ.

"ಅವನಿಗೆ ತಲೆ ಸರಿ ಇಲ್ಲ," ಎಂದರು ಇಡಿಕುಳ ಗಡಿಬಿಡಿಯಲ್ಲಿ. "ಸ್ಪ್ರಿಂಗ್ ಗಟ್ಟಿ ಉಂಟು. ನಾನೇ ನೋಡಿದ್ದೇನೆ."

"ಗಟ್ಟಿ ಇದ್ರೆ ಎಲ್ಲಿ ಹೋಯ್ತು ಚೇಟ?"

ವಲ್ಸಾ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಸೂಜಿ, ಗುಂಡಿಗಳ ನಡುವಿನಿಂದ ಉದ್ದಕ್ಕೆ ಜೋತುಬಿದ್ದ ಸ್ಪ್ರಿಂಗೊಂದನ್ನು ಎತ್ತಿ ಮೇಜಿನ ಮೇಲಿಟ್ಟರು.

"ಮೊಟ್ಟೆಯಾದ ಶರ್ಟು ಒಗೆಯುವಾಗ ಜೇಬಲ್ಲಿ ಸಿಕ್ಕಿತು. ಎಂತ ಅಂತ ಕೇಳಿದ್ರೆ ತೋಟದಲ್ಲಿ ಬಿದ್ದದ್ದು ಅಂದ್ರು ಇವರು."

ಜಿಷಾ ಅಪ್ಪನನ್ನೇ ನೋಡುತ್ತಾ ನಿಂತಳು. ಗಾಡಿ ಗುದ್ದಿದ ಐದೇ ನಿಮಿಷದಲ್ಲಿ, ಊದಿದ ಕಾಲೆಳೆದುಕೊಂಡು, ಬಾನೆಟ್ ಎತ್ತಿ, ಸುಡುವ ಸ್ಪ್ರಿಂಗನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು ಅವರು.

"ಎಂತಕ್ಕೆ ಚೇಟ?" ಅಲಿ ಕುಂಞಿ ಸ್ಪ್ರಿಂಗನ್ನು ಕೈಗೆತ್ತಿಕೊಂಡ.

"ನನಗೆ ಗಾಡಿ ಓಡಿಸದೆ ಇರ್ಲಿಕ್ಕೆ ಆಗ್ತದೆ," ಎಂದರು ಇಡಿಕುಳ. "ಜನ ಗಾಡಿ ತಾರದಿದ್ರೆ ನೀನು ಎಂತ ಮಾಡುದು?"

ಅಲಿ ಕುಂಞಿ ಅತ್ತ ತಿರುಗಿ ಎಣ್ಣೆಯ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡ. ಜಿಷಾ ಬ್ಯಾಗಿನಿಂದ ಕೀಲಿ ತೆಗೆದು ಅಪ್ಪನ ಮಡಿಲಿಗೆ ಹಾಕಿ, ಗುಜರಿಯವನಿಗೆ ಬರಬೇಡವೆಂದು ಫೋನ್ ಮಾಡಿದಳು.

ತಿಂಗಳ ಮೇಲೆ ಗಾಡಿ ಮತ್ತೆ ರಸ್ತೆಗೆ ಬಂತು. ಈಗ ಅದಕ್ಕೆ ಎರಡು ಸ್ಪ್ರಿಂಗು, ಒಂದು ಸೋತರೂ ಇನ್ನೊಂದು ಎಳೆಯಲಿ ಎಂದು. ಇಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ಚೊಂದು ವಲ್ಸಾ ಕೂರುವ ಕಡೆ ಇದೆ. ಅದರ ಮೇಲಿಂದ ಬೆರಳು ತೆಗೆಯದೆಯೇ ಅವರು ಚರ್ಚಿಗೆ ಹೋಗಿಬರುತ್ತಾರೆ.

ಆ ಸೋತ ಸ್ಪ್ರಿಂಗು ಅಲಿ ಕುಂಞಿಯ ಗ್ಯಾರೇಜಿನಲ್ಲಿ, ಬಂದವರ ಕಣ್ಣಿಗೆ ಬೀಳುವ ಮೊಳೆಯಲ್ಲಿ ತೂಗುತ್ತದೆ. ಕೇಳಿದವರಿಗೆಲ್ಲ ಅವನು ತನ್ನ ತಪ್ಪಿನ ಕಥೆ ಹೇಳುತ್ತಾನೆ. ಇಡಿಕುಳರಿಗೆ ಅದು ಇನ್ನೂ ಸರಿಬಂದಿಲ್ಲ. ಬಂದಾಗಲೆಲ್ಲ, ಅಲಿ ಕುಂಞಿ ಗಾಡಿಯ ಅಡಿಗೆ ನುಸುಳುವುದನ್ನೇ ಕಾದು, ಅದನ್ನು ಮೆಲ್ಲ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಸೋಮವಾರ ಬೆಳಿಗ್ಗೆ ಶರ್ಟು ಒಗೆಯುವಾಗ ಸಿಕ್ಕಿದ ಅದನ್ನು ವಲ್ಸಾ ತಿರುಗಿ ಕಳಿಸುತ್ತಾರೆ.