ತಟ್ಟೆ ಬಡಿದರೆ ನೀರು

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ಗುರುಛಾಯಾ ಸೊಸೈಟಿಯಲ್ಲಿ ಆ ವರ್ಷ ಒಂದೇ ಒಂದು ಕಾನೂನನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು: ತಟ್ಟೆಯ ಸದ್ದು ಕೇಳಿದರೆ ಬಕೆಟ್ ಹಿಡಿದು ಓಡಬೇಕು. ಎರಡು ಸಾವಿರದ ಒಂಬತ್ತರ ಮಳೆ ಕೈಕೊಟ್ಟಿತ್ತು. ಮೇಲಿನ ಟ್ಯಾಂಕಿಗೆ ನೀರು ಏರುತ್ತಿರಲಿಲ್ಲ. ಗೇಟಿನ ಪಕ್ಕದ ನಲ್ಲಿಗೆ ದಿನಕ್ಕೊಮ್ಮೆ ಅರ್ಧ ಗಂಟೆ ಬರುತ್ತಿತ್ತು, ಅದು ಯಾವಾಗ ಎಂದು ಬ್ರಹ್ಮನಿಗೂ ಗೊತ್ತಿರಲಿಲ್ಲ. ನಲ್ಲಿ ಗೊರಗೊರ ಅಂದ ತಕ್ಷಣ ವಾಚ್‌ಮನ್ ಮುಂಡಪ್ಪ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದ, ಹದಿನಾರು ಮನೆಗಳು ದಡದಡ ಕೆಳಗಿಳಿಯುತ್ತಿದ್ದವು.

ಹೀಗಿರುವಾಗ ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಇಡೀ ಕಟ್ಟಡ ಉಂಡು ಕಾಲು ಚಾಚಿದ್ದಾಗ, ಎರಡನೇ ಮಾಳಿಗೆಯ ಸರಳಾ ತನ್ನ ಅಡುಗೆಮನೆಯಲ್ಲಿ ಕೂತು ತಟ್ಟೆ ಬಡಿದಳು.

ಮೊದಲು ಕೆಳಗೆ ಮುಟ್ಟಿದ್ದು ಸೊಸೈಟಿಯ ಸೆಕ್ರೆಟರಿ ಅಪ್ಪಾಸಾಹೇಬ. ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿ, ಪಟ್ಟಾಪಟ್ಟಿ ಚಡ್ಡಿಯಲ್ಲಿಯೂ ಗಾಂಭೀರ್ಯ ಬಿಡದ ಮನುಷ್ಯ. ಅವರ ಹಿಂದೆ ಬಕೆಟ್, ಕೊಡಪಾನ, ಕುಕ್ಕರ್, ಯಾರದೋ ಮಗುವಿನ ಸ್ನಾನದ ಟಬ್ಬು. ನೋಡಿದರೆ ನಲ್ಲಿ ಒಣಗಿತ್ತು. ಮುಂಡಪ್ಪ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ.

"ನಾನಲ್ಲ ಮಾರಾಯ್ರೆ," ಎಂದು ಅವನು ಗಾಬರಿಯಲ್ಲಿ ಎದ್ದ. "ನನ್ನ ತಟ್ಟೆ ಇಲ್ಲೇ ಉಂಟು, ನೋಡಿ."

ಅಷ್ಟರಲ್ಲಿ ಮೇಲಿನಿಂದ ಮತ್ತೆ ಕೇಳಿತು. ಟಂಗ್, ಟಂಗ್, ಟಟಂಗ್, ಟಂಗ್, ಟಂಗ್, ಟಂಗ್. ಎಲ್ಲರ ಕತ್ತೂ ಒಟ್ಟಿಗೆ ಮೇಲಾಯಿತು.

"ವೈನೀ, ಏನ್ ನಡಸೀರಿ ಇದು?" ಅಪ್ಪಾಸಾಹೇಬರು ಕೂಗಿದರು. ಸರಳಾ ಇಡೀ ಸೊಸೈಟಿಗೆ ವೈನಿ, ಅಂದರೆ ಅತ್ತಿಗೆ.

ಸರಳಾ ಕಿಟಕಿಯಿಂದ ಇಣುಕಿದಳು. ಕೆಳಗಿನ ಜಾತ್ರೆ ನೋಡಿ ಸೌಟನ್ನು ಬೆನ್ನ ಹಿಂದೆ ಮರೆಮಾಡಿದಳು. "ಹೋಂವರ್ಕು ಅಪ್ಪಾಸಾಹೇಬ್ರೇ," ಅಂದಳು.

ನಲವತ್ಮೂರು ವರ್ಷದ ಹೆಂಗಸಿಗೆ ಎಂಥ ಹೋಂವರ್ಕು ಎಂದು ನೀವೂ ಕೇಳಬಹುದು. ಮೈಸೂರಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಗಿ ಸರಳಾ ಕಾಲೇಜು ಬಿಟ್ಟವಳು. ಆಮೇಲೆ ಬಿಡುವುದೇ ಅಭ್ಯಾಸವಾಯಿತು. ವೀಣೆ ಮೂರು ತಿಂಗಳು, ಡ್ರೈವಿಂಗ್ ಒಂಬತ್ತು ದಿನ, ಮಗನಿಗೆಂದು ಶುರುಮಾಡಿದ ಸ್ವೆಟರ್ ಒಂದು ತೋಳಿಗೇ ನಿಂತಿತು. ನಾದಿನಿಯರು ಅವಳನ್ನು "ಅರ್ಧಂಬರ್ಧ ಸರಳಾ" ಎನ್ನುತ್ತಿದ್ದರು, ಅವಳ ಎದುರಿಗೇ. ಅವಳೂ ನಗುತ್ತಿದ್ದಳು. ಆದರೆ ಆ ಮಾತು ಅವಳಿಗೆ ಪ್ರತಿ ಸಲವೂ ನೋಯುತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಜೂನಿನಲ್ಲಿ ಠಾಣೆ ಪಟ್ಟಣದ ಕಾಲೇಜೊಂದರಲ್ಲಿ ವರ್ಲ್ಡ್ ಮ್ಯೂಸಿಕ್ ಡಿಪ್ಲೊಮಾ ಎಂಬ ಜಾಹೀರಾತು ಕಂಡು, ಸಾಯುವುದರೊಳಗೆ ಒಂದನ್ನಾದರೂ ಪೂರ್ತಿ ಮಾಡುತ್ತೇನೆ ಎಂದು ಹಟ ಹಿಡಿದು ಸೇರಿದಳು.

ತೊಂದರೆಯೆಂದರೆ, ಮಗ ಪ್ರಥಮ್ ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ.

"ಮಮ್ಮಿ, ಒಂದೇ ರಿಕ್ವೆಸ್ಟ್," ಅಂದಿದ್ದ ಅವನು. "ಕಾಲೇಜ್ ಮೇ ಮುಝೆ ಪೆಹಚಾನ್ನಾ ಮತ್."

ಗುರುತು ತೋರಿಸುವುದಿಲ್ಲ ಎಂದು ಸರಳಾ ಒಪ್ಪಿ, ಮೊದಲ ದಿನವೇ ಕ್ಯಾಂಟೀನಿನಲ್ಲಿ ನಲವತ್ತು ಹುಡುಗರ ನಡುವೆ ಅವನಿಗೆ ಚಪಾತಿ ಡಬ್ಬಿ ಕೊಟ್ಟು, "ಪುಟ್ಟಾ, ನೆನ್ನೆ ಭೇದಿ ನಿಂತಿತಾ?" ಎಂದು ಕೇಳಿ ಬಂದಳು.

ತರಗತಿಯಲ್ಲಿ ಅವಳ ಪಾಲಿಗೆ ಬಂದದ್ದು ಘಾನಾ ದೇಶದ ಗಂಟೆ. ಹನ್ನೆರಡು ಮಾತ್ರೆಯಲ್ಲಿ ಏಳು ಪೆಟ್ಟು. ಕಲಿಸುವ ಪೂನಂ ಮೇಡಂಗೆ ಇಪ್ಪತ್ತೇಳು ವರ್ಷ. ಪಕ್ಕದ ದಿವಾ ಸ್ಟೇಷನ್ನಿನಿಂದ ಲೋಕಲ್ ರೈಲು ಹಿಡಿದು ಬರುವ ಹುಡುಗಿ. ಅವಳು ಹೇಳಿದ ಒಂದು ಮಾತು ಸರಳಾಳ ಎದೆಗೆ ನೆಟ್ಟಿತ್ತು: "ಆಂಟಿ, ಉಳಿದವರು ತಪ್ಪಬಹುದು, ಬಿಡಬಹುದು. ಗಂಟೆಯವರು ಮಾತ್ರ ನಿಲ್ಲಿಸಬಾರದು."

ಮನೆಯಲ್ಲಿ ಗಂಟೆ ಎಲ್ಲಿಂದ ಬರಬೇಕು? ತಟ್ಟೆಯೇ ಗತಿ.

ಕಮಿಟಿ ಸೇರಿತು, ಚಹಾ ಕುಡಿಯಿತು, ಠರಾವು ಮಾಡಿತು. ಸಂಜೆ ನಾಲ್ಕರಿಂದ ಐದರವರೆಗೆ ಬಡಿದದ್ದು ಸರಳಾ ವೈನಿಯ ಕಾಲೇಜು, ಉಳಿದ ಹೊತ್ತಿನಲ್ಲಿ ಬಡಿದದ್ದು ನೀರು. ಮೂರು ವಾರ ಏನೂ ತಕರಾರಿಲ್ಲದೆ ನಡೆಯಿತು. ನಾಲ್ಕನೇ ವಾರ, ಬುಧವಾರ ನಾಲ್ಕೂಕಾಲಿಗೆ, ನೀರೇ ಬಂತು.

ಮುಂಡಪ್ಪ ಬಡಿದ. ಮೇಲಿನ ಮಾಳಿಗೆಗಳಲ್ಲಿ ಎಲ್ಲರೂ "ವೈನಿ ಇವತ್ತು ಯಾಕೋ ಜೋರಾಗಿದ್ದಾರೆ" ಎಂದು ಮಗ್ಗುಲು ಬದಲಿಸಿದರು. ಸರಳಾಗೆ ತನ್ನ ತಟ್ಟೆಯ ಸದ್ದಿನಲ್ಲಿ ಅವನದು ಕೇಳಲಿಲ್ಲ. ಬೇರೆಯವರ ಗತಿ ಹೇಗೋ ಆಯಿತು, ಅಪ್ಪಾಸಾಹೇಬರದು ಮಾತ್ರ ಆಗಲಿಲ್ಲ. ಅವರು ಮರುದಿನ ಮಗನ ನಿಶ್ಚಿತಾರ್ಥಕ್ಕೆಂದು ತಲೆಗೆ, ಮೀಸೆಗೆ ಕಪ್ಪು ಬಣ್ಣ ಹಚ್ಚಿಕೊಂಡು, ನೀರು ಬಂದಾಗ ತೊಳೆದರಾಯಿತು ಎಂದು ಕೂತಿದ್ದರು. ನೀರು ಬಂದು ಹೋಗಿತ್ತು. ಮರುದಿನ ಅವರು ಹಣೆಯಿಂದ ಕಿವಿಯವರೆಗೆ ಕಪ್ಪಾಗಿ ನಿಶ್ಚಿತಾರ್ಥಕ್ಕೆ ಹೋದರು. ಬೀಗರ ಕಡೆಯ ಒಂದು ಮಗು ಹೆದರಿ ಅತ್ತಿತಂತೆ.

ನೋಟಿಸ್ ಬೋರ್ಡಿಗೆ ಚೀಟಿ ಬಿತ್ತು: ಮುಂಡಪ್ಪನ ಹೊರತು ಯಾರೂ ತಟ್ಟೆ ಮುಟ್ಟಕೂಡದು.

ಅದೇ ವಾರ ಪೂನಂ ಮೇಡಂ ಪರೀಕ್ಷೆ ಹೇಳಿದಳು. ಸಂಗೀತ ಗೊತ್ತಿಲ್ಲದ ಹತ್ತು ಜನರನ್ನು ನಿಮ್ಮ ಮನೆಯ ಹತ್ತಿರವೇ ಸೇರಿಸಿ ಹತ್ತು ನಿಮಿಷ ನುಡಿಸಬೇಕು, ನಾನು ಬಂದು ನೋಡುತ್ತೇನೆ. ಗಂಟೆ ನಿಂತರೆ ಫೇಲ್. ಫೇಲಾದರೆ ಮುಂದಿನ ಟರ್ಮ್ ಇಲ್ಲ.

ಸರಳಾ ಹದಿನಾಲ್ಕು ಬಾಗಿಲು ತಟ್ಟಿದಳು. ಕೆಲವರು ಕೈಮುಗಿದರು, ಕೆಲವರು ಬಾಗಿಲನ್ನೇ ತೆಗೆಯಲಿಲ್ಲ. ಕೊನೆಗೆ ಉಳಿದದ್ದು ಅಪ್ಪಾಸಾಹೇಬರ ಮನೆ.

"ಭಾಳ ಆತ್ರೀ ವೈನಿ," ಅವರು ಹೊಸ್ತಿಲಲ್ಲೇ ಶುರುಮಾಡಿದರು. ಹಣೆ ಇನ್ನೂ ಬೂದು ಬಣ್ಣಕ್ಕಿತ್ತು. "ನಿಮ್ಮ ಕಾಲೇಜಿನ ಸಲುವಾಗಿ ನನ್ನ ಮಾರೀನ ಹೋತು. ಬಿಟ್ಟುಬಿಡ್ರಿ ಅದನ್ನ. ಈ ವಯಸ್ಸಿನ್ಯಾಗ ಯಾಕ ಬೇಕ್ರಿ?"

ಸರಳಾ ತಲೆ ತಗ್ಗಿಸಿದಳು. ಇದನ್ನೂ ಬಿಟ್ಟೆ ಎಂದುಕೊಂಡಳು. ಆಗ ಒಳಗಿನಿಂದ ಕೇಳಿಸಿತು: ಟಕ್, ಟಕ್, ಟಟಕ್, ಟಕ್, ಟಕ್, ಟಕ್.

ಅಪ್ಪಾಸಾಹೇಬರ ತಾಯಿ ಕಾಳವ್ವ, ಎಪ್ಪತ್ತಾರು ವರ್ಷ, ಬಾಯಲ್ಲಿ ಒಂದೂ ಹಲ್ಲಿಲ್ಲ, ಎಲೆ ಅಡಿಕೆಯನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟುತ್ತಿದ್ದಳು. ಹನ್ನೆರಡು ಮಾತ್ರೆಗೆ ಏಳು ಪೆಟ್ಟು, ಒಂದು ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲ. ಸರಳಾ ಕೆಳಗೆ ನೋಡಿದಳು. ಬೈಯುತ್ತಿದ್ದ ಅಪ್ಪಾಸಾಹೇಬರ ಹೆಬ್ಬೆರಳೂ ಅದೇ ತಾಳಕ್ಕೆ ಚಪ್ಪಲಿಯೊಳಗೆ ಕುಣಿಯುತ್ತಿತ್ತು.

"ಅಜ್ಜಿ, ಇದನ್ನ ಯಾರು ಕಲಿಸಿದ್ರು?"

"ಕಲಿಸೋದೇನ ಬಂತ ಯವ್ವಾ," ಕಾಳವ್ವ ಅಂದಳು. "ತಿಂಗಳಾತು, ದಿನಾ ಒಂದ ತಾಸ ತಲೀಮ್ಯಾಲೆ ಬಡದಿ. ಈಗ ಇದರ ಹೊರತು ಅಡಿಕಿ ಒಡ್ಯಾಂಗಿಲ್ಲ." ಮಗನ ಕಡೆ ತಿರುಗಿದಳು. "ಅಪ್ಪಾ, ನೀನೂ ಒಂದ ತಾಟ ತಗೋ. ಹುಡುಗಿ ಸಾಲಿ ಕಲೀತೈತಿ, ಹೂಂ ಅನ್ನು."

ಅವ್ವನ ಮಾತಿಗೆ ಅಪ್ಪಾಸಾಹೇಬರು ಠರಾವು ಕೇಳಲಿಲ್ಲ. ನೋಡಿದರೆ ಇಡೀ ಕಟ್ಟಡಕ್ಕೇ ಆ ರೋಗ ಅಂಟಿತ್ತು. ಒಬ್ಬಳು ಅದೇ ತಾಳದಲ್ಲಿ ಸೌತೆಕಾಯಿ ಕೊಚ್ಚುತ್ತಿದ್ದಳು, ಮುಂಡಪ್ಪ ಸೊಳ್ಳೆಯನ್ನೂ ಹಾಗೇ ಹೊಡೆಯುತ್ತಿದ್ದ.

ಭಾನುವಾರ ಪೂನಂ ಮೇಡಂ ಪ್ಯಾಡು, ಸ್ಟಾಪ್‌ವಾಚು ಹಿಡಿದು ಬಂದಳು. ಗೇಟಿನ ಒಳಗೆ ಹತ್ತು ಜನ, ತಟ್ಟೆ, ಡಬ್ಬ, ಕುಟ್ಟಾಣಿ. ಪ್ರಥಮ್ ಮೆಟ್ಟಿಲ ಮರೆಯಲ್ಲಿ, ಯಾರ ಮನೆಯವನೋ ಎಂಬಂತೆ ಮೊಬೈಲ್ ನೋಡುತ್ತ ನಿಂತಿದ್ದ. ಸರಳಾ ಶುರುಮಾಡಿದಳು. ಮೂರು ನಿಮಿಷ ಅದೆಂಥ ಸೊಗಸಾಗಿ ಹೋಯಿತೆಂದರೆ, ಅಪ್ಪಾಸಾಹೇಬರು ಕಣ್ಣುಮುಚ್ಚಿ ತಲೆದೂಗಿದರು.

ನಾಲ್ಕನೇ ನಿಮಿಷಕ್ಕೆ ನಲ್ಲಿ ಗೊರಗೊರ ಅಂತು.

ಮುಂಡಪ್ಪ ಒಂದು ಕ್ಷಣ ಕಲಾವಿದ, ಮರುಕ್ಷಣ ವಾಚ್‌ಮನ್. "ನೀರು ಬಂತು ಮಾರಾಯ್ರೆ!"

ಹತ್ತೂ ಜನ ಎದ್ದು ಓಡಿದರು. ಒಂಬತ್ತು ಎನ್ನಬೇಕು, ಕಾಳವ್ವನಿಗೆ ಮಂಡಿನೋವು. ಸರಳಾಳ ಮನೆಯಲ್ಲಿ ಎರಡು ದಿನದಿಂದ ಹನಿ ನೀರಿರಲಿಲ್ಲ, ಬಕೆಟ್ಟುಗಳು ಬಾಗಿಲಲ್ಲಿ ಬೋರಲಾಗಿದ್ದವು. ಕಾಲು ತಾನಾಗಿ ಏಳಲು ಹೋಯಿತು. ಕೈ ಒಂದು ಪೆಟ್ಟು ತಡವರಿಸಿತು. ಪೂನಂ ಪ್ಯಾಡಿನಿಂದ ಮುಖ ಎತ್ತಿದಳು.

ಇಲ್ಲ, ಬಿಡಲ್ಲ, ಎಂದು ಸರಳಾ ಗಟ್ಟಿಯಾಗಿಯೇ ಹೇಳಿಕೊಂಡಳು. ಸೌಟು ಮತ್ತೆ ತಾಳಕ್ಕೆ ಬಿತ್ತು. ಎದುರಿಗೆ ಕಾಳವ್ವ ಕುಟ್ಟುತ್ತಲೇ ಇದ್ದಳು.

ಅಷ್ಟರಲ್ಲಿ ಯಾರೋ ಎರಡು ಬಕೆಟ್ ಹಿಡಿದು ಮೆಟ್ಟಿಲು ಹಾರಿ ಬಂದರು. ಹುಟ್ಟಿದಾಗಿನಿಂದ ಒಂದು ಲೋಟ ನೀರು ಎತ್ತಿಡದ ಪ್ರಥಮ್.

"ಮಮ್ಮೀ, ತುಮ್ ಬಜಾತೀ ರಹೋ, ನಿಲ್ಲಿಸ್ಬೇಡ!" ಇಡೀ ಸೊಸೈಟಿಗೆ ಕೇಳುವಂತೆ ಅವನು ಕೂಗಿದ. "ಪಾನಿ ನಾನು ತುಂಬ್ತೀನಿ!" ಎಂದು ಸಾಲಿಗೆ ನುಗ್ಗಿದ.

ನಲ್ಲಿಯ ನೀರು ನೂಲಿನಷ್ಟು ಸಣ್ಣಗೆ ಬೀಳುತ್ತಿತ್ತು. ಸಾಲಿನಲ್ಲಿ ನಿಂತವರಿಗೆ ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ, ಕೈಯಲ್ಲಿ ಖಾಲಿ ಬಕೆಟ್ ಇತ್ತು. ಮೊದಲು ಅಪ್ಪಾಸಾಹೇಬರ ಬೆರಳು ಆಡಿತು, ಆಮೇಲೆ ಎಲ್ಲರದೂ. ಬಕೆಟ್ ತುಂಬಿದವರು ಮನೆಗೆ ಹೋದರು, ಹೊಸಬರು ಬಂದು ಸೇರಿಕೊಂಡರು. ತಾಳ ಮಾತ್ರ ಬಿಡಲಿಲ್ಲ.

"ಆಂಟಿ," ಪೂನಂ ಅಂದಳು, "ಹತ್ತು ನಿಮಿಷ ಆಯ್ತು. ಪಾಸ್. ನಿಲ್ಲಿಸಬಹುದು."

ಸರಳಾಳ ಕೆನ್ನೆ ಒದ್ದೆಯಾಗಿತ್ತು. ಸೌಟು ಮಾತ್ರ ಬಿಡಲಿಲ್ಲ. "ತಡೀರಿ ಮೇಡಂ, ಕೊನೇ ಬಕೆಟ್ ತುಂಬ್ಲಿ."

ಪೂನಂ ಸಾಲಿನ ಕಡೆ ನೋಡಿದಳು. ಪ್ಯಾಡನ್ನು ಕಾಳವ್ವನ ಮಡಿಲಿಗಿಟ್ಟು, ಬ್ಯಾಗಿನಿಂದ ಎರಡು ಖಾಲಿ ಬಾಟಲಿ ತೆಗೆದಳು.

"ಹಾಗಾದ್ರೆ ಹೊಡೀತಿರಿ ಆಂಟಿ. ದಿವಾದಲ್ಲಿ ನಮ್ಮ ಬಿಲ್ಡಿಂಗ್‌ಗೆ ಮೂರು ದಿನದಿಂದ ಬಂದಿಲ್ಲ," ಎಂದು ಅವಳೂ ಹೋಗಿ ಪ್ರಥಮನ ಹಿಂದೆ ನಿಂತಳು.